ಕೇಳಿಸಿಕೊಂಡವರ ಉಗ್ರಾಣ

ದಾನದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಕೊಟ್ಟವರ ಹೆಸರಿನಿಂದಲೇ ಶುರುಮಾಡುತ್ತಾರೆ. ಕಲ್ಲಿನಲ್ಲಿ ಕೆತ್ತಿಸುವುದೂ ಅದನ್ನೇ, ವಾರ್ಷಿಕ ವರದಿಯ ಮೊದಲ ಪುಟದಲ್ಲಿ ಅಚ್ಚು ಹಾಕಿಸುವುದೂ ಅದನ್ನೇ. ಪಡೆದವರು ಫಲಾನುಭವಿಗಳೆಂಬ ಪಟ್ಟಿಯಲ್ಲಿ ಒಂದು ಸಂಖ್ಯೆಯಾಗಿ ಕೊನೆಗೆ ಸರಿಯುತ್ತಾರೆ. ಹಸಿವಿನ ವಿಷಯ ಕೊಡುವವನಿಗಿಂತ ಹಸಿದವನಿಗೇ ಚೆನ್ನಾಗಿ ಗೊತ್ತಿರುತ್ತದೆ ಎಂಬ ಸರಳ ಸಂಗತಿ ನಮಗೆ ಅದೇಕೆ ಇಷ್ಟು ತಡವಾಗಿ ಹೊಳೆಯುತ್ತದೆಯೋ!

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ 1967ರಲ್ಲಿ ಹುಟ್ಟಿದ ಸೇಂಟ್ ಮೇರೀಸ್ ಫುಡ್ ಬ್ಯಾಂಕಿನ ಕಥೆ ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೆದಕುತ್ತದೆ. ಅದನ್ನು ಕಟ್ಟಿದ ಜಾನ್ ವ್ಯಾನ್ ಹೆಂಗಲ್ ಸಿರಿವಂತರೇನೂ ಆಗಿರಲಿಲ್ಲ. ಒಳ್ಳೆಯ ನೌಕರಿಗಳನ್ನು ಕಂಡು, ಸಂಸಾರ ಮುರಿದು, ಕಲ್ಲುಗಣಿಯಲ್ಲಿ ದುಡಿದು, ಬೆನ್ನುಹುರಿಗೆ ಪೆಟ್ಟಾಗಿ, ಮೈ ಸುಧಾರಿಸಿಕೊಳ್ಳಲೆಂದು ಆ ಬಿಸಿಲಿನ ಊರಿಗೆ ಬಂದವರು ಅವರು. ಸೇಂಟ್ ವಿನ್ಸೆಂಟ್ ಡಿ ಪಾಲ್ ಸಂಸ್ಥೆ ಬಡವರಿಗಾಗಿ ನಡೆಸುತ್ತಿದ್ದ ಊಟದ ಮನೆಯಲ್ಲಿ ಸ್ವಯಂಸೇವಕರಾಗಿ ಸೇರಿಕೊಂಡು, ಊರಿನ ಮರಗಳಲ್ಲಿ ಯಾರೂ ಕೀಳದೆ ಉಳಿದ ಹಣ್ಣುಗಳನ್ನು ಹಳೆಯ ವಾಹನವೊಂದರಲ್ಲಿ ತುಂಬಿ ತರುತ್ತಿದ್ದರು.

ಅಲ್ಲಿಯೇ ಅವರಿಗೆ ಒಬ್ಬ ತಾಯಿ ಎದುರಾದಳು. ಗಂಡ ಸೆರೆಮನೆಯಲ್ಲಿ, ಮನೆಯಲ್ಲಿ ಹತ್ತು ಮಕ್ಕಳು. ದಿನಸಿ ಅಂಗಡಿಯ ಹಿತ್ತಲಲ್ಲಿರುವ ಕಸದ ತೊಟ್ಟಿಯಿಂದ ಆಯ್ದು ತಂದದ್ದರಲ್ಲೇ ಅಷ್ಟು ಮಕ್ಕಳನ್ನೂ ಸಾಕುತ್ತಿದ್ದೇನೆ ಎಂದಳು. ಜನ ಹಣವನ್ನು ಬ್ಯಾಂಕಿನಲ್ಲಿ ಇಟ್ಟು, ಬೇಕಾದಾಗ ತೆಗೆದುಕೊಳ್ಳುವಂತೆ, ಎಸೆಯುವ ಆಹಾರವನ್ನು ತಂದಿಟ್ಟು ಬೇಕಾದವರು ಒಯ್ಯುವಂಥ ಒಂದು ಜಾಗ ಇರಬೇಕಿತ್ತು ಎಂದೂ ಹೇಳಿದಳು. ಈ ಕಥೆಯಲ್ಲಿ ವ್ಯಾನ್ ಹೆಂಗಲ್ ಹೆಸರು ಎಲ್ಲೆಡೆಯೂ ಬರುತ್ತದೆ. ಇಡೀ ಯೋಜನೆಯನ್ನು ಒಂದು ಮಾತಿನಲ್ಲಿ ಹೇಳಿಬಿಟ್ಟ ಆಕೆ ಮಾತ್ರ ಬರಿಯ ‘ಒಬ್ಬ ತಾಯಿ’ಯಾಗಿಯೇ ಉಳಿದಿದ್ದಾಳೆ.

ಆ ಮಾತು ನಮ್ಮ ಕಿವಿಗೆ ಬಿದ್ದಿದ್ದರೆ ಏನು ಮಾಡುತ್ತಿದ್ದೆವು? ಅಯ್ಯೋ ಪಾಪ ಎಂದು ಕೈಗೆ ಒಂದಿಷ್ಟು ಕಾಸು ಕೊಟ್ಟು ಕಳಿಸುತ್ತಿದ್ದೆವೇನೋ. ಕಸದ್ದನ್ನು ಮಕ್ಕಳಿಗೆ ತಿನ್ನಿಸಬಾರದಮ್ಮ ಎಂದು ಬುದ್ಧಿ ಹೇಳುತ್ತಿದ್ದೆವೇನೋ. ಆಕೆ ಹೇಳಿದ್ದು ನಿಜವೇ ಎಂದು ಆ ಹಿತ್ತಲಿಗೆ ಹೋಗಿ ನೋಡುವ ತಾಳ್ಮೆ ನಮ್ಮಲ್ಲಿ ಎಷ್ಟು ಜನಕ್ಕಿದ್ದೀತು? ವ್ಯಾನ್ ಹೆಂಗಲ್ ಹೋಗಿ ನೋಡಿದರು. ತಿನ್ನಲು ಯೋಗ್ಯವಾದ ಪದಾರ್ಥಗಳು ತೊಟ್ಟಿಯಲ್ಲಿದ್ದವು. ಕಷ್ಟ ಕಂಡವರೆಲ್ಲ ಪರರ ಕಷ್ಟಕ್ಕೆ ಕಿವಿಗೊಡುತ್ತಾರೆಂದೇನಿಲ್ಲ, ಎಷ್ಟೋ ಸಲ ಸ್ವಂತ ನೋವೇ ಕಿವಿಯನ್ನು ಮುಚ್ಚಿಸುತ್ತದೆ. ಆದರೆ ಇಲ್ಲಿ ತಾನೂ ಬಿದ್ದು ಎದ್ದವನೊಬ್ಬ ಆಕೆಯ ಮಾತನ್ನು ದೂರಾಗಿ ಕೇಳದೆ ಸಲಹೆಯಾಗಿ ಕೇಳಿದ, ವ್ಯತ್ಯಾಸವಾದದ್ದು ಅಷ್ಟರಿಂದಲೇ.

ಈ ಕೆಲಸವನ್ನು ಚರ್ಚು ವಹಿಸಿಕೊಳ್ಳಲಿ ಎಂದು ಅವರು ಸೇಂಟ್ ಮೇರೀಸ್‌ನ ಫ್ರಾನ್ಸಿಸ್ಕನ್ ಪಾದ್ರಿಗಳನ್ನು ಕೇಳಿದರು. ಪಾದ್ರಿಗಳು ಹೊಣೆಯನ್ನು ಅವರಿಗೇ ಮರಳಿಸಿ, ಪಾಳುಬಿದ್ದಿದ್ದ ಹಳೆಯ ಬೇಕರಿ ಕಟ್ಟಡವನ್ನೂ 3,000 ಡಾಲರನ್ನೂ ಕೊಟ್ಟರು. ಮೊದಲ ವರ್ಷವೇ 100 ಟನ್‌ಗೂ ಮಿಕ್ಕಿದ ಆಹಾರ ಆ ಉಗ್ರಾಣದಿಂದ 36 ಸೇವಾ ಸಂಸ್ಥೆಗಳಿಗೆ ಹೋಯಿತು. ಕೊಟ್ಟಮೇಲೆ ಹಿಂದೆ ಸರಿದು ನಿಲ್ಲುವುದು ಕೊಡುವುದಕ್ಕಿಂತ ಕಷ್ಟ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಓದುವ ಧರ್ಮಕ್ಕೂ ಆ ಸಂಯಮ ಪ್ರತಿ ಸಲ ಹೊಸದಾಗಿಯೇ ಒದಗಿಬರಬೇಕು.

ಮುಂದಿನದು ಬೆಳವಣಿಗೆಯ ಕಥೆ. 1976ರಲ್ಲಿ ಅಮೆರಿಕದ ತೆರಿಗೆ ಕಾನೂನು ಬದಲಾಗಿ, ಉಳಿದ ಸರಕನ್ನು ದಾನ ಮಾಡುವ ಕಂಪನಿಗಳಿಗೆ ಹೆಚ್ಚಿನ ವಿನಾಯಿತಿ ಸಿಕ್ಕಿತು. ವ್ಯಾನ್ ಹೆಂಗಲ್ ಬೇರೆ ಬೇರೆ ಊರುಗಳಲ್ಲಿ ಇಂಥ ಉಗ್ರಾಣಗಳನ್ನು ಕಟ್ಟಲು ನೆರವಾದರು. ಸೆಕೆಂಡ್ ಹಾರ್ವೆಸ್ಟ್ ಎಂಬ ಜಾಲ ಬೆಳೆಯಿತು. ಅದೇ ಇಂದು ಸುಮಾರು 200 ಫುಡ್ ಬ್ಯಾಂಕುಗಳನ್ನು ಒಳಗೊಂಡ ಫೀಡಿಂಗ್ ಅಮೆರಿಕ. ಲಾಭದ ಲೆಕ್ಕ ಸೇರಿದ ದಾನ ದಾನವೇ ಎಂದು ಮೂಗು ಮುರಿಯುವುದು ಸುಲಭ, ಆದರೆ ಹಸಿದ ಹೊಟ್ಟೆ ಕೊಟ್ಟವನ ಉದ್ದೇಶವನ್ನು ವಿಚಾರಿಸುವುದಿಲ್ಲ. ನನ್ನನ್ನು ಕಾಡುವುದು ಬೇರೆಯದು. ಆಪತ್ತಿಗೆಂದು ತೆರೆದ ಬಾಗಿಲು ನಿತ್ಯದ ಬಾಗಿಲಾದಾಗ, ಸರತಿ ಪ್ರತಿ ವಾರ ಉದ್ದವಾಗುತ್ತಾ ಹೋದಾಗ, ವಿತರಿಸಿದ ಟನ್ನುಗಳ ಲೆಕ್ಕವನ್ನು ಹೆಮ್ಮೆಯಿಂದ ಓದಬೇಕೋ ಅಳುಕಿನಿಂದ ಓದಬೇಕೋ? ದುಡಿದವನ ಸಂಬಳ ತಿಂಗಳ ಕೊನೆಯವರೆಗೆ ಏಕೆ ಬಾರದು ಎಂಬುದಕ್ಕೆ ಉಗ್ರಾಣದಲ್ಲಿ ಉತ್ತರವಿಲ್ಲ. ಉತ್ತರ ಗೊತ್ತಿರುವವರು ಸರತಿಯಲ್ಲಿ ನಿಂತಿದ್ದಾರೆ, ನಾವು ಅವರ ಚೀಲ ತುಂಬಿಸುವ ಅವಸರದಲ್ಲಿದ್ದೇವೆ.

ಸ್ಯಾನ್ ಫ್ರಾನ್ಸಿಸ್ಕೊದ ಸೇಂಟ್ ಗ್ರೆಗರಿ ಆಫ್ ನಿಸ್ಸ ಚರ್ಚಿನಲ್ಲಿ ಈ ಅವಸರಕ್ಕೊಂದು ತಡೆ ತಾನಾಗಿ ಒದಗಿತು. ಅಲ್ಲಿ 2000ದಲ್ಲಿ ಸಾರಾ ಮೈಲ್ಸ್ ಎಂಬ ಪತ್ರಕರ್ತೆ ಪೂಜಾವೇದಿಕೆಯ ಸುತ್ತಲೇ ತರಕಾರಿ, ಬ್ರೆಡ್ಡು ಜೋಡಿಸಿ ಉಚಿತವಾಗಿ ಹಂಚಲು ತೊಡಗಿದರು. ನೀನು ಯಾರು, ನಿನ್ನ ನಂಬಿಕೆ ಯಾವುದು ಎಂದು ಯಾರೂ ಕೇಳುತ್ತಿರಲಿಲ್ಲ. ದಿನಸಿಗೆಂದು ಬಂದವರಲ್ಲಿ ಹಲವರು ಪೆಟ್ಟಿಗೆ ಹೊರಲು, ಹಂಚಲು ತಾವೇ ನಿಂತರು. ಹೀಗಾಗುವುದು ಸಹಜವೇ. ಪಡೆಯುವುದು ಮನುಷ್ಯನನ್ನು ಕುಗ್ಗಿಸುತ್ತದೆ. ತನ್ನಿಂದಲೂ ಇನ್ನೊಬ್ಬನಿಗೆ ಏನೋ ಆದೀತು ಎಂದು ಕಂಡಾಗ ಬಾಗಿದ ಬೆನ್ನು ನೆಟ್ಟಗಾಗುತ್ತದೆ. ಆ ಅವಕಾಶವನ್ನು ಕೊಡದ ಔದಾರ್ಯ, ಎಷ್ಟೇ ಧಾರಾಳವಾಗಿದ್ದರೂ, ಎದುರಿನವನನ್ನು ಇದ್ದಲ್ಲೇ ಇಡುತ್ತದೆ.

ಪರಿಹಾರ ಸಮಿತಿಗಳು ಎಲ್ಲ ಕಡೆಯೂ ಇವೆ. ಅವುಗಳ ಸಭೆಗಳಲ್ಲಿ ದಾನಿಗಳು, ಗಣ್ಯರು, ಧರ್ಮಗುರುಗಳು, ಲೆಕ್ಕ ಬಲ್ಲವರು ಕೂರುತ್ತಾರೆ, ಎಲ್ಲರೂ ಒಳ್ಳೆಯವರೇ. ಅವರ ಒಳ್ಳೆಯತನವನ್ನು ಅಳೆಯಲು ನನಗೆ ತೋಚುವ ಒಂದೇ ದಾರಿ, ಸರತಿಯಲ್ಲಿ ನಿಂತ ಒಬ್ಬರಿಗಾದರೂ ಅಲ್ಲಿ ಕುರ್ಚಿಯಿದೆಯೇ, ಆ ಕುರ್ಚಿಯಿಂದ ಬಂದ ಮಾತು ನಡಾವಳಿ ಪುಸ್ತಕ ಸೇರುತ್ತದೆಯೇ ಎಂದು ನೋಡುವುದು.