ನಾವು ನಡೆಯದ ದಾರಿ

ಗುಂಡ್ಲುಪೇಟೆ ಕಡೆಯ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ ಬಂದವರಲ್ಲಿ ಕೆಲವರದು ಒಂದು ತಕರಾರು: ತಪ್ಪಲಲ್ಲೇ ಗಾಡಿ ನಿಲ್ಲಿಸಿ ಸರಕಾರಿ ಬಸ್ಸು ಹತ್ತಬೇಕು, ಮಂಜಿನೊಳಗೆ ಮನಸ್ಸು ಬಂದಂತೆ ಅಲೆಯುವಂತಿಲ್ಲ. ಬೆಟ್ಟವನ್ನು ಪ್ರೀತಿಸುವವರಿಗೇ ಈ ಅಡ್ಡಿ ಏಕೆ?

1,454 ಮೀಟರ್ ಎತ್ತರದ ಈ ಬೆಟ್ಟ ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದೊಳಗಿದೆ. ಅಲ್ಲಿನ ಕಾಲುದಾರಿ ಮೊದಲು ಆನೆಯದು, ಆಮೇಲೆ ಸೋಲಿಗರದು, ಜೇನುಕುರುಬರದು. ಪೇಟೆಯವರಾದ ನಾವು ಸರತಿಯಲ್ಲಿ ಬಹಳ ಹಿಂದೆ. (ಅವರನ್ನು ಕಾಡಿನಿಂದ ಹೊರಗಿಟ್ಟು ನಮಗೆ ಸಫಾರಿ ಜೀಪು ಕೊಟ್ಟದ್ದು ಇನ್ನೊಂದೇ ಅನ್ಯಾಯ.)

2019ರ ಫೆಬ್ರವರಿಯಲ್ಲಿ ಈ ಬೆಟ್ಟದ ಸುತ್ತ ಕಾಡು ಹೊತ್ತಿ ಉರಿಯಿತು. ಒಣಹುಲ್ಲು, ಲಂಟಾನ ಪೊದೆ, ಮೇಲೆ ಗಾಳಿ. ಅರಣ್ಯ ಸಿಬ್ಬಂದಿಯ ಜೊತೆಗೆ ಬೆಂಗಳೂರು, ಮೈಸೂರುಗಳಿಂದ ಬಂದ ಸ್ವಯಂಸೇವಕರೂ ಹಸಿಸೊಪ್ಪಿನ ಕೊಂಬೆ ಹಿಡಿದು ಬೆಂಕಿ ಬಡಿದರು. ಚಾರಣಕ್ಕೆಂದು ಅವರನ್ನು ಯಾರೂ ಬಿಡದ ಇಳಿಜಾರುಗಳವು. ಬೇರೆಡೆ ಚಾರಣದ ದಾರಿ ಸವರಿ ಕಾಯುವ ಸ್ವಯಂಸೇವಕನಿಗೆ ಕೊನೆಗೆ ಅಲ್ಲಿ ನಡೆಯುವ ಸುಖವಾದರೂ ಉಂಟು. ಇವರಿಗೆ ಅದೂ ಇಲ್ಲ.

ಅನುಭವಿಸುವ ಹಕ್ಕಿದ್ದವನಿಗೆ ಮಾತ್ರ ಕಾಯುವ ಹೊಣೆ ಎಂದು ನಾವು ಎಣಿಸುತ್ತೇವೆ. ಹಾಗಾದರೆ ಮೈಗೆಲ್ಲ ಮಸಿ ಮೆತ್ತಿಕೊಂಡ ಆ ಹುಡುಗರು ಯಾವ ಹಕ್ಕಿನಿಂದ ಬಂದಿದ್ದರು? ಬಸ್ಸಿನ ಕಿಟಕಿಯಲ್ಲಿ ಕಂಡಷ್ಟು ಬೆಟ್ಟ ನಮಗೆ ಸಾಕು. ಆದರೆ ಬೇಸಿಗೆಗೆ ಮುಂಚೆ ಬೆಂಕಿರೇಖೆ ಸವರುವ ದಿನಗೂಲಿ ಕಾವಲುಗಾರನಿಗೆ ಕೂಲಿ ಹೊತ್ತಿಗೆ ಸರಿಯಾಗಿ ಸಿಗುತ್ತಿದೆಯೇ ಎಂದು ಕೇಳುವುದು ಆ ಕಿಟಕಿಯ ಪಕ್ಕ ಕುಳಿತವರಿಂದಲೂ ಆದೀತು.