ಕಡಿಮೆ ಕೇಡಿನ ಲೆಕ್ಕ

1964ರ ಮೇ ತಿಂಗಳ ಕೊನೆಯಲ್ಲಿ ರಾಮಮನೋಹರ ಲೋಹಿಯಾ ಅವರು ಅಮೆರಿಕದ ಮಿಸಿಸಿಪಿ ರಾಜ್ಯದ ಜಾಕ್ಸನ್ ನಗರದಲ್ಲಿ ಒಂದು ಊಟದ ಹೋಟೆಲಿನ ಬಾಗಿಲಿಗೆ ಹೋದರು. ಅದು ಬಿಳಿಯರಿಗೆ ಮಾತ್ರ ಮೀಸಲಾದ ಜಾಗ. ಅವರನ್ನು ಒಳಗೆ ಬಿಡಲಿಲ್ಲ. ಹಿಂದೆ ಸರಿಯಲೊಪ್ಪದ ಲೋಹಿಯಾರನ್ನು ಪೊಲೀಸರು ಹಿಡಿದುಕೊಂಡು ಹೋದರು. ಲೋಹಿಯಾರನ್ನು ಓದುತ್ತ ಬೆಳೆದ ಕನ್ನಡನಾಡಿನ ಹಿರಿಯ ತಲೆಮಾರಿಗೆ ಈ ಪ್ರಸಂಗ ಹೊಸದಲ್ಲ. ಆದರೆ ಆ ಬೇಸಿಗೆಯಲ್ಲಿ ಅಮೆರಿಕದಲ್ಲಿ ಮುಂದೆ ಏನೇನಾಯಿತು ಎಂಬುದನ್ನು ನಾವು ಅಷ್ಟಾಗಿ ಜೋಡಿಸಿ ನೋಡುವುದಿಲ್ಲ.

ಸುಮಾರು ಐದು ವಾರಗಳ ನಂತರ, ಜುಲೈ 2ರಂದು, ಅಧ್ಯಕ್ಷ ಲಿಂಡನ್ ಜಾನ್ಸನ್ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದರು. ಲೋಹಿಯಾರಿಗೆ ಮುಚ್ಚಿದ್ದ ಬಾಗಿಲುಗಳನ್ನು ಬಣ್ಣದ ಕಾರಣಕ್ಕೆ ಮುಚ್ಚುವುದು ಅಂದಿನಿಂದ ಕಾನೂನುಬಾಹಿರವಾಯಿತು. ಅದಾಗಿ ಮತ್ತೆ ಐದು ವಾರಗಳು ಕಳೆದವು. ಆಗಸ್ಟ್ 7ರಂದು ಅಮೆರಿಕದ ಸಂಸತ್ತು ಟೊಂಕಿನ್ ಕೊಲ್ಲಿಯ ನಿರ್ಣಯವನ್ನು ಅಂಗೀಕರಿಸಿ, ವಿಯೆಟ್ನಾಮಿನಲ್ಲಿ ಬೇಕಾದಂತೆ ಬಲಪ್ರಯೋಗ ಮಾಡುವ ಅಧಿಕಾರವನ್ನು ಇದೇ ಜಾನ್ಸನ್‌ರ ಕೈಗೆ ಕೊಟ್ಟಿತು. ಆ ನಿರ್ಣಯಕ್ಕೆ ಆಧಾರವಾಗಿ ತೋರಿಸಿದ ಎರಡು ದಾಳಿಗಳಲ್ಲಿ ಎರಡನೆಯದು ನಡೆದೇ ಇರಲಿಲ್ಲ ಎಂಬುದು ನಂತರ ತಿಳಿದುಬಂತು. ಅದಕ್ಕೂ ಅವರು ಸಹಿ ಹಾಕಿದರು.

ಮರುವರ್ಷದ ಹತ್ತು ದಿನಗಳು ಇನ್ನೂ ವಿಚಿತ್ರ. 1965ರ ಜುಲೈ 28ರಂದು ಜಾನ್ಸನ್ ವಿಯೆಟ್ನಾಮಿನ ಅಮೆರಿಕನ್ ಸೈನಿಕರ ಸಂಖ್ಯೆಯನ್ನು 75,000ದಿಂದ 1,25,000ಕ್ಕೆ ಏರಿಸುವುದಾಗಿ ಘೋಷಿಸಿದರು. ಜುಲೈ 30ರಂದು ವೃದ್ಧರಿಗೆ ವೈದ್ಯಕೀಯ ವಿಮೆ ನೀಡುವ ಮೆಡಿಕೇರ್ ಕಾಯ್ದೆಗೆ ಸಹಿ ಹಾಕಿದರು. ಆಗಸ್ಟ್ 6ರಂದು ಕಪ್ಪು ಜನರ ಮತದಾನದ ಹಕ್ಕನ್ನು ಕಾಯುವ ಕಾಯ್ದೆಗೆ ಸಹಿ ಹಾಕಿದರು. ಮಿಸಿಸಿಪಿಯಲ್ಲಿ ಅದುವರೆಗೆ ಮತದಾರರ ಪಟ್ಟಿಯಲ್ಲಿದ್ದ ಕಪ್ಪು ಜನರು ನೂರಕ್ಕೆ ಏಳರಷ್ಟೂ ಇರಲಿಲ್ಲ. ಎರಡೇ ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪಟ್ಟಿ ಸೇರಿದರು. ಅದೇ ಅವಧಿಯಲ್ಲಿ ವಿಯೆಟ್ನಾಮಿನ ಹಳ್ಳಿಗಳ ಮೇಲೆ ಬಾಂಬುಗಳು ಬೀಳುತ್ತಲೇ ಇದ್ದವು.

ಇಂಥ ಮನುಷ್ಯನನ್ನು ತೂಗುವುದು ಹೇಗೆ? ಅಮೆರಿಕದ ಎಡಪಂಥೀಯ ಒಲವಿನ ಜನ ಅರುವತ್ತು ವರ್ಷಗಳಿಂದ ಈ ಪ್ರಶ್ನೆಯೊಂದಿಗೆ ಗುದ್ದಾಡುತ್ತಿದ್ದಾರೆ. ಅಧಿಕಾರದಲ್ಲಿರುವವರನ್ನು ನ್ಯಾಯದ ಕಣ್ಣಿನಿಂದ ನೋಡಬಯಸುವ ಎಲ್ಲರದೂ ಇದೇ ಪ್ರಶ್ನೆಯಾದ್ದರಿಂದ ಇದು ನಮ್ಮದೂ ಹೌದು.

ಸಾಮಾನ್ಯವಾಗಿ ಎರಡು ಉತ್ತರಗಳು ಕೇಳಿಬರುತ್ತವೆ. ಒಂದು, ಎಲ್ಲ ಬಣ್ಣ ಮಸಿ ನುಂಗಿತು ಎನ್ನುವ ಉತ್ತರ. ವಿಯೆಟ್ನಾಂ ಎಂಬ ಮಸಿ ಜಾನ್ಸನ್‌ರ ಉಳಿದೆಲ್ಲ ಕೆಲಸವನ್ನು ನುಂಗಿಹಾಕಿತು ಎಂದು ಇವರು ವಾದಿಸುತ್ತಾರೆ. ಇನ್ನೊಂದು, ಅಂಗಡಿಯ ಜಮಾ-ಖರ್ಚಿನ ಉತ್ತರ. ಒಳ್ಳೆಯದನ್ನು ಒಂದು ಕಡೆ, ಕೆಟ್ಟದ್ದನ್ನು ಇನ್ನೊಂದು ಕಡೆ ಬರೆದು ಕಳೆದು ನೋಡಿದರೆ ಉಳಿಯುವ ಮೊತ್ತವೇ ಮನುಷ್ಯನ ಬೆಲೆ. ಮೊದಲನೆಯದಕ್ಕೆ ಆವೇಶ ಹೆಚ್ಚು, ಎರಡನೆಯದಕ್ಕೆ ವಿವೇಕದ ಮುಖವಿದೆ. ಆದ್ದರಿಂದ ಎರಡನೆಯದೇ ಹೆಚ್ಚು ಅಪಾಯಕಾರಿ ಎಂದು ನಮಗನಿಸುತ್ತದೆ.

ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರನ್ನು ನೋಡೋಣ. ಎಡಪಂಥೀಯರು ಇಂದಿಗೂ ಪ್ರೀತಿಯಿಂದ ನೆನೆಯುವ ಅಧ್ಯಕ್ಷರೆಂದರೆ ಇವರೇ. 1935ರಲ್ಲಿ ವೃದ್ಧಾಪ್ಯದ ಪಿಂಚಣಿಯ ಕಾಯ್ದೆಯೂ ಕಾರ್ಮಿಕರಿಗೆ ಸಂಘ ಕಟ್ಟುವ ಹಕ್ಕಿನ ಕಾಯ್ದೆಯೂ ಅವರ ಸಹಿಯಿಂದ ಬಂದವು. 1942ರ ಫೆಬ್ರವರಿಯಲ್ಲಿ ಅವರದೇ ಆದೇಶದಿಂದ ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆ, ಅಂಗಡಿ, ಹೊಲ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ತಳ್ಳಲಾಯಿತು. ಅವರಲ್ಲಿ ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದ ನಾಗರಿಕರು. ಪಿಂಚಣಿ ಪಡೆದ ಕೋಟ್ಯಂತರ ಮಂದಿ ಒಂದು ತಟ್ಟೆಯಲ್ಲಿ, ಶಿಬಿರ ಸೇರಿದ ಒಂದು ಲಕ್ಷ ಚಿಲ್ಲರೆ ಮಂದಿ ಇನ್ನೊಂದು ತಟ್ಟೆಯಲ್ಲಿ. ತಕ್ಕಡಿ ಯಾವ ಕಡೆ ವಾಲುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ.

ಆದರೆ ಈ ತಕ್ಕಡಿಯಲ್ಲೇ ಒಂದು ಮೋಸವಿದೆ. ಜಮಾ ಮತ್ತು ಖರ್ಚು ಒಂದೇ ಖಾತೆಯಲ್ಲಿರಬೇಕಾದರೆ ಆ ಖಾತೆ ಒಬ್ಬರದೇ ಆಗಿರಬೇಕು. ನಾನು ನಿಮಗೆ ಸಾಲ ಕೊಟ್ಟು ನಿಮ್ಮಿಂದಲೇ ಸಾಮಾನು ಪಡೆದರೆ ಲೆಕ್ಕ ಚುಕ್ತಾ ಆಗಬಹುದು. ಇಲ್ಲಿ ಹಾಗಲ್ಲ. ಉಪಕಾರ ಪಡೆದವರೇ ಬೇರೆ, ಪೆಟ್ಟು ತಿಂದವರೇ ಬೇರೆ. ಮಿಸಿಸಿಪಿಯ ಮುದುಕಿಯೊಬ್ಬಳಿಗೆ ಸಿಕ್ಕ ಮತದ ಹಕ್ಕಿನ ಬೆಲೆಯನ್ನು ವಿಯೆಟ್ನಾಮಿನ ತಾಯಿಯೊಬ್ಬಳ ಮಗುವಿನಿಂದ ವಸೂಲು ಮಾಡಲು ಯಾರಿಗೂ ಅಧಿಕಾರವಿರಲಿಲ್ಲ. ಆ ತಾಯಿಯನ್ನು ಯಾರೂ ಕೇಳಿರಲೂ ಇಲ್ಲ. ಹಾಗಿರುವಾಗ ದೂರದಲ್ಲಿ ಕುಳಿತ ನಾವು ಆಕೆಯ ಪರವಾಗಿ ಲೆಕ್ಕ ಚುಕ್ತಾ ಎಂದು ಬರೆಯುವುದು ಯಾವ ನ್ಯಾಯ?

ಇದೇ ಕಾರಣಕ್ಕೆ ಮಸಿಯ ವಾದವೂ ನಿಲ್ಲುವುದಿಲ್ಲ. ಮತಪಟ್ಟಿಗೆ ಹೆಸರು ಬರೆಸಲು ಹೋಗಿ ಪೆಟ್ಟು ತಿಂದವಳ ಮುಂದೆ ನಿಂತು, ನಿನಗೆ ಸಿಕ್ಕಿದ್ದು ಏನೂ ಅಲ್ಲ, ಕೊಟ್ಟವನ ಕೈ ಕೊಳಕಾಗಿತ್ತು ಎಂದರೆ ಆಕೆ ನಗಬಹುದು. ಅಷ್ಟಕ್ಕೂ ಆ ಹಕ್ಕು ಜಾನ್ಸನ್‌ರ ದಾನವಾಗಿರಲಿಲ್ಲ. ಬೀದಿಯಲ್ಲಿ ನಡೆದವರು, ಜೈಲು ಸೇರಿದವರು, ಪ್ರಾಣ ಕೊಟ್ಟವರು ಅದನ್ನು ಅವರ ಮೇಜಿನವರೆಗೆ ತಂದು ಇಟ್ಟಿದ್ದರು.

ಕಾಲವಾದ ಅಧ್ಯಕ್ಷರ ವಿಚಾರದಲ್ಲಿ ಇಷ್ಟು ಹೇಳಿ ಸುಮ್ಮನಿರಬಹುದು. ಕಣದಲ್ಲಿ ನಿಂತ ಅಭ್ಯರ್ಥಿಗಳ ವಿಷಯದಲ್ಲಿ ಸುಮ್ಮನಿರಲು ಬರುವುದಿಲ್ಲ. ಅಲ್ಲಿ ಮತ ಹಾಕಬೇಕು, ಇಲ್ಲವೇ ಹಾಕದಿರಬೇಕು.

ನಮ್ಮಲ್ಲಿ ಅಭ್ಯರ್ಥಿಯನ್ನು ಆರಿಸುವುದು ಪಕ್ಷದ ಹೈಕಮಾಂಡು. ಅಮೆರಿಕದಲ್ಲಿ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂಬುದನ್ನೂ ರಾಜ್ಯ ರಾಜ್ಯಗಳಲ್ಲಿ ಮತ ಹಾಕಿ ತೀರ್ಮಾನಿಸುವ ಪದ್ಧತಿಯಿದೆ. ಅದಕ್ಕೆ ಪ್ರೈಮರಿ ಎನ್ನುತ್ತಾರೆ. ನವೆಂಬರಿನ ಅಂತಿಮ ಚುನಾವಣೆಯಲ್ಲಿ ಮತದಾರನ ಮುಂದೆ ಉಳಿಯುವುದು ಬಹುತೇಕ ಇಬ್ಬರೇ. ಪ್ರೈಮರಿಯಲ್ಲಿ ಹಾಗಲ್ಲ. ಇಂಥವನು ಬೇಕು ಎಂದು ಅಲ್ಲಿ ಮನಬಿಚ್ಚಿ ಹೇಳಬಹುದು.

1964ರ ನವೆಂಬರಿನಲ್ಲಿ ಎಡಪಂಥೀಯ ಒಲವಿನವರ ಮುಂದಿದ್ದುದು ಒಂದು ಕಡೆ ಜಾನ್ಸನ್, ಇನ್ನೊಂದು ಕಡೆ ನಾಗರಿಕ ಹಕ್ಕುಗಳ ಕಾಯ್ದೆಯ ವಿರುದ್ಧ ಮತ ಹಾಕಿದ್ದ ಬ್ಯಾರಿ ಗೋಲ್ಡ್‌ವಾಟರ್. ಯುದ್ಧಕೋರನೆಂದು ಜನ ಹೆದರಿದ್ದು ಗೋಲ್ಡ್‌ವಾಟರ್‌ಗೆ. ಶಾಂತಿಯ ಮನುಷ್ಯನೆಂದು ಗೆದ್ದದ್ದು ಜಾನ್ಸನ್, ಅದೂ ನೂರಕ್ಕೆ 61 ಮತ ಪಡೆದು. ಮುಂದೆ ಏನಾಯಿತೆಂದು ಗೊತ್ತೇ ಇದೆ. ಹಾಗೆಂದು ಆ ದಿನ ಜಾನ್ಸನ್‌ಗೆ ಮತ ಹಾಕಿದ್ದು ತಪ್ಪೆನ್ನಲು ನಮಗೆ ಬಾಯಿ ಬರುವುದಿಲ್ಲ. ಮತ ಹಾಕಿದ ಬಳಿಕ ಏನು ಮಾಡಿದರು ಎಂಬುದೇ ಮುಖ್ಯ.

ಕೆಲವರು ಸುಮ್ಮನಾದರು, ಕೆಲವರು ಸುಮ್ಮನಾಗಲಿಲ್ಲ. 1968ರ ಮಾರ್ಚ್ 12ರಂದು ನ್ಯೂ ಹ್ಯಾಂಪ್‌ಶೈರ್ ಪ್ರೈಮರಿಯಲ್ಲಿ ಯುದ್ಧವಿರೋಧಿ ಯೂಜೀನ್ ಮೆಕಾರ್ಥಿ ಸೋತರಾದರೂ ಸುಮಾರು 42 ಶೇಕಡಾ ಮತ ಪಡೆದರು. ಆ ತಿಂಗಳ 31ರಂದು ಜಾನ್ಸನ್ ತಾವು ಮತ್ತೆ ಸ್ಪರ್ಧಿಸುವುದಿಲ್ಲ ಎಂದು ಪ್ರಕಟಿಸಿದರು. ಆದರೆ ಆಗಸ್ಟಿನಲ್ಲಿ ಶಿಕಾಗೋ ಸಮಾವೇಶದಲ್ಲಿ ಟಿಕೆಟು ದೊರೆತದ್ದು ಒಂದೂ ಪ್ರೈಮರಿಯಲ್ಲಿ ಸ್ಪರ್ಧಿಸದ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ ಅವರಿಗೆ. ಹೊರಗೆ ಬೀದಿಯಲ್ಲಿ ಪೊಲೀಸರ ಲಾಠಿ. ನವೆಂಬರಿನಲ್ಲಿ ನಿಕ್ಸನ್ ಶೇಕಡಾ ಒಂದಕ್ಕೂ ಕಡಿಮೆ ಮತಗಳ ಅಂತರದಿಂದ ಗೆದ್ದರು. ಯುದ್ಧ ಕಾಂಬೋಡಿಯಾಕ್ಕೂ ಹಬ್ಬಿತು. ಹಂಫ್ರಿಗೆ ಮತ ಹಾಕದೆ ಮನೆಯಲ್ಲಿ ಕುಳಿತ ಯುದ್ಧವಿರೋಧಿಗಳು ಆಮೇಲೆ ಹೇಗೆ ನಿದ್ದೆ ಮಾಡಿದರೋ! ಇತ್ತ ದರಿ, ಅತ್ತ ಪುಲಿ ಎಂದರೆ ಇದೇ.

ಐವತ್ತಾರು ವರ್ಷಗಳ ನಂತರ ಇದೇ ಕತೆ ಮತ್ತೆ ನಡೆಯಿತು. 2023ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಜೋ ಬೈಡನ್ ಮಿಷಿಗನ್ ರಾಜ್ಯದಲ್ಲಿ ಮುಷ್ಕರ ಹೂಡಿದ್ದ ಕಾರು ಕಾರ್ಮಿಕರ ಸಾಲಿನಲ್ಲಿ ಹೋಗಿ ನಿಂತರು. ಅಧಿಕಾರದಲ್ಲಿರುವ ಅಧ್ಯಕ್ಷರೊಬ್ಬರು ಹಾಗೆ ಮಾಡಿದ್ದು ಅದೇ ಮೊದಲು. ಐದು ತಿಂಗಳ ನಂತರ, 2024ರ ಫೆಬ್ರವರಿ 27ರಂದು, ಅದೇ ಮಿಷಿಗನ್‌ನ ಪ್ರೈಮರಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ 'ಯಾರಿಗೂ ಬದ್ಧರಲ್ಲ' ಎಂಬ ಗುರುತಿಗೆ ಮತ ಹಾಕಿದರು. ಗಾಜಾದಲ್ಲಿ ಬೀಳುತ್ತಿದ್ದ ಅಮೆರಿಕದ ಬಾಂಬುಗಳಿಗೆ ಅದು ಅವರ ಉತ್ತರವಾಗಿತ್ತು. ಅರಬ್ ಮೂಲದವರು ಹೆಚ್ಚಾಗಿರುವ ಡಿಯರ್‌ಬೋರ್ನ್‌ನಲ್ಲಿ ಈ ಗುರುತು ಬೈಡನ್‌ರನ್ನೇ ಹಿಂದೆ ಹಾಕಿತು. ಜುಲೈಯಲ್ಲಿ, ಬೇರೆ ಕಾರಣಗಳಿಗಾಗಿ, ಬೈಡನ್ ಕಣದಿಂದ ಸರಿದರು. ಆಗಸ್ಟಿನಲ್ಲಿ, ಮತ್ತೆ ಶಿಕಾಗೋದಲ್ಲಿಯೇ, ಆ ವರ್ಷದ ಪ್ರೈಮರಿಗಳಲ್ಲಿ ಸ್ಪರ್ಧಿಸಿರದ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಪಕ್ಷದ ಉಮೇದುವಾರಿಕೆಯನ್ನು ಒಪ್ಪಿಕೊಂಡರು. ಪ್ಯಾಲೆಸ್ಟೀನ್ ಮೂಲದ ಒಬ್ಬರಿಗೆ ವೇದಿಕೆಯಲ್ಲಿ ಮಾತನಾಡಲು ಅವಕಾಶ ಕೊಡಿ ಎಂಬ ಬೇಡಿಕೆಗೆ ಒಪ್ಪಿಗೆ ಸಿಗಲಿಲ್ಲ. ನವೆಂಬರಿನಲ್ಲಿ ಟ್ರಂಪ್ ಮಿಷಿಗನ್ನನ್ನು ಸುಮಾರು 80,000 ಮತಗಳಿಂದ ಗೆದ್ದರು.

ಒಂದು ಲಕ್ಷವನ್ನೂ ಎಂಬತ್ತು ಸಾವಿರವನ್ನೂ ಪಕ್ಕಪಕ್ಕದಲ್ಲಿಟ್ಟು ಸೋಲಿನ ಹೊಣೆಯನ್ನು ಆ ಪ್ರತಿಭಟನಾಕಾರರ ತಲೆಗೆ ಕಟ್ಟುವುದು ಸುಲಭ. ಆದರೆ ಆ ಚಳವಳಿಯ ನಾಯಕರು ಸೆಪ್ಟೆಂಬರಿನಲ್ಲಿ ಹೇಳಿದ್ದೇನು? ಹ್ಯಾರಿಸ್‌ಗೆ ಬೆಂಬಲ ಘೋಷಿಸಲಾರೆವು, ಆದರೆ ಟ್ರಂಪ್ ಗೆಲ್ಲುವುದು ಬೇಡ, ಅವರ ಗೆಲುವಿಗೆ ನೆರವಾಗುವಂತೆ ಮೂರನೆಯ ಪಕ್ಷಕ್ಕೆ ಮತ ಹಾಕುವುದೂ ಬೇಡ ಎಂದು. ಇದು ಇಬ್ಬಂದಿತನವೆಂದು ಕೆಲವರು ನಕ್ಕರು. ನಮಗೆ ಇದು ಪ್ರಾಮಾಣಿಕತೆಯಾಗಿ ಕಾಣುತ್ತದೆ. ಪ್ರೈಮರಿಯಲ್ಲಿ ಮನಸ್ಸಾಕ್ಷಿ ಮಾತನಾಡಿತು, ನವೆಂಬರಿನ ಮತವನ್ನು ಅವರು ಒಂದು ಸಾಧನವಾಗಿ ನೋಡಿದರು. ಕಡಿಮೆ ಕೇಡನ್ನು ಆರಿಸಿಕೊಳ್ಳುವುದು ಪಾಪವಲ್ಲ. ಆರಿಸಿದ ಮೇಲೆ ಅದನ್ನು ಒಳಿತು ಎಂದು ಕರೆಯುವುದೇ ಪಾಪ. ಕಡಿಮೆ ಕೇಡನ್ನು ಆರಿಸಿದವರು ತಾವು ಆರಿಸಿದ್ದು ಕೇಡು ಎಂಬುದನ್ನೇ ಬೇಗ ಮರೆಯುತ್ತಾರೆ ಎಂದು ಹಾನ್ನಾ ಅರೆಂಟ್ ಎಚ್ಚರಿಸಿದ್ದು ಸುಮ್ಮನಲ್ಲ.

ಈ ಮರೆವಿನಿಂದ ನಾವೂ ಹೊರತಲ್ಲ. 2008ರಲ್ಲಿ ಇರಾಕ್ ಯುದ್ಧವನ್ನು ಮೊದಲೇ ವಿರೋಧಿಸಿದ್ದ ಬರಾಕ್ ಒಬಾಮಾ ಪ್ರೈಮರಿಯಲ್ಲಿ ಗೆದ್ದಾಗ, ಆಮೇಲೆ ಶ್ವೇತಭವನ ಸೇರಿದಾಗ, ನಾವೂ ಇಲ್ಲಿ ಕುಳಿತು ಸಂಭ್ರಮಿಸಿದೆವು. ಗ್ವಾಂಟಾನಮೋ ಸೆರೆಮನೆಯನ್ನು ಒಂದು ವರ್ಷದೊಳಗೆ ಮುಚ್ಚುವ ಆದೇಶಕ್ಕೆ ಅವರು 2009ರ ಜನವರಿಯಲ್ಲಿ ಸಹಿ ಹಾಕಿದರು. 2017ರಲ್ಲಿ ಅವರು ಅಧಿಕಾರ ಬಿಟ್ಟಾಗಲೂ ಅದು ತೆರೆದೇ ಇತ್ತು. ಪಾಕಿಸ್ತಾನ, ಯೆಮನ್‌ಗಳ ಆಕಾಶದಲ್ಲಿ ಡ್ರೋನ್‌ಗಳು ಹಾರಾಡಿದಾಗ, ಬುಷ್ ಕಾಲದಲ್ಲಿ ಎತ್ತಿದಷ್ಟು ದನಿಯನ್ನು ನಾವು ಎತ್ತಲಿಲ್ಲ. ನಮ್ಮವನು ಎಂಬ ಭಾವ ನಾಲಿಗೆಯನ್ನು ಕಟ್ಟಿತು.

ನಾಲಿಗೆಗೆ ಕಟ್ಟು ಬೀಳದಂತೆ ನೋಡಿಕೊಂಡವರು ಮಾರ್ಟಿನ್ ಲೂಥರ್ ಕಿಂಗ್. 1964ರ ಕಾಯ್ದೆಗೆ ಸಹಿಯಾದಾಗ ಅವರು ಶ್ವೇತಭವನದಲ್ಲಿ ಜಾನ್ಸನ್‌ರ ಹಿಂದೆಯೇ ನಿಂತಿದ್ದರು. 1967ರ ಏಪ್ರಿಲ್ 4ರಂದು ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ನಿಂತು ಅದೇ ಜಾನ್ಸನ್‌ರ ಯುದ್ಧವನ್ನು ಖಂಡಿಸಿದರು. ದೊಡ್ಡ ಪತ್ರಿಕೆಗಳು ಅವರನ್ನು ಟೀಕಿಸಿದವು, ಹೋರಾಟದ ಜೊತೆಗಾರರಲ್ಲೇ ಹಲವರು ದೂರ ಸರಿದರು. ಇಷ್ಟೆಲ್ಲ ಮಾಡಿಕೊಟ್ಟವರ ವಿರುದ್ಧ ಮಾತನಾಡಬಹುದೇ ಎಂಬುದು ಅವರೆದುರಿಗಿದ್ದ ಪ್ರಶ್ನೆ. ಅದೇ ತಿಂಗಳ 28ರಂದು ಮುಹಮ್ಮದ್ ಅಲಿ ಸೇನೆಗೆ ಸೇರಲು ನಿರಾಕರಿಸಿ ತಮ್ಮ ಬಾಕ್ಸಿಂಗ್ ಕಿರೀಟವನ್ನು ಕಳೆದುಕೊಂಡರು. ಆ ಭಾಷಣ ಮಾಡಿ ಸರಿಯಾಗಿ ಒಂದು ವರ್ಷಕ್ಕೆ ಕಿಂಗ್ ಹತ್ಯೆಯಾಯಿತು.

ಕಿಂಗ್ ಮಸಿಯ ವಾದಕ್ಕೂ ಜಮಾ-ಖರ್ಚಿಗೂ ಕೈಹಾಕಲಿಲ್ಲ. ಕಾಯ್ದೆಯನ್ನು ಒಳ್ಳೆಯದೆಂದೇ ಕರೆದರು, ಯುದ್ಧವನ್ನು ಕೇಡೆಂದೇ ಕರೆದರು. ಎರಡು ಖಾತೆಗಳನ್ನೂ ತೆರೆದಿಟ್ಟರು. ಅಧ್ಯಕ್ಷರ ಬಗ್ಗೆ ಇರಲಿ, ನಮ್ಮೂರಿನ ಪಂಚಾಯತಿ ಸದಸ್ಯನ ಬಗ್ಗೆ ಇರಲಿ, ನಾವು ಕಲಿಯಬೇಕಾದ ಲೆಕ್ಕ ಇದೇ ಎಂದು ತೋರುತ್ತದೆ. ಉಪಕಾರವನ್ನು ನೆನೆಯೋಣ. ಆದರೆ ಬೇರೆಯವರ ನೋವನ್ನು ಆ ಉಪಕಾರದ ಬೆಲೆಯಾಗಿ ಬರೆದುಕೊಳ್ಳುವ ಹಕ್ಕು ನಮಗಿಲ್ಲ. ಆ ಪುಟವನ್ನು ಮುಚ್ಚುವವರು ನೊಂದವರೇ ಆಗಬೇಕು.