ಗೀರು ಮತ್ತು ಬಿರುಕು

ಮೋಟಾರ್ ಸೈಕಲ್ಲನ್ನು ಹೊಸತಾಗಿ ಕಲಿಯುವ ತರುಣನು ಮಂದಗತಿಯಲ್ಲಿ ತಿರುಗುವಾಗ ವಾಹನದೊಡನೆ ನೆಲಕ್ಕೊರಗುವುದುಂಟು. ಆಗ ಅವನ ಕಣ್ಣು ಮೊದಲು ಹರಿಯುವುದು ಟ್ಯಾಂಕಿನ ಮೇಲಣ ಗೀರಿಗೆ, ಮನಸ್ಸು ಹರಿಯುವುದು ಕಂಡವರ ನಗೆಗೆ. ಇವೆರಡೂ ಬಹಿರಂಗದ ಚಿಂತೆಗಳು. ಎಂಜಿನ್ನನ್ನು ಆರಿಸಿ, ವಾಹನವನ್ನೆತ್ತಿ, ಪೆಟ್ರೋಲು ಸೋರುತ್ತಿದೆಯೇ, ಹ್ಯಾಂಡಲ್ಲು ಎರಡು ಕಡೆಗೂ ಸರಾಗವಾಗಿ ತಿರುಗುವುದೇ, ಬ್ರೇಕುಗಳು ಹಿಡಿಯುವವೇ ಎಂದು ಪರೀಕ್ಷಿಸುವುದು ವಿವೇಕ. ಗೀರಿಗೆ ಬಣ್ಣವನ್ನು ನಾಳೆಯೂ ಬಳಿಯಬಹುದು. ಬಾಗಿದ ಬ್ರೇಕ್ ಲಿವರನ್ನಾದರೋ ಬಡಿದು ನೆಟ್ಟಗೆ ಮಾಡಿ ತೃಪ್ತರಾಗಲಾಗದು. ಆ ಅಲ್ಯೂಮಿನಿಯಂ ಮಿಶ್ರಲೋಹದೊಳಗೆ ಕಣ್ಣಿಗೆ ಕಾಣದ ಬಿರುಕು ಉಳಿದು, ಬಿಗಿಯಾಗಿ ಹಿಡಿಯಬೇಕಾದ ಆಪತ್ತಿನ ಗಳಿಗೆಯಲ್ಲಿಯೇ ಮುರಿದೀತು. ಅದನ್ನು ಬದಲಿಸಲೇಬೇಕು. ಮನೆಯ ಹಿರಿಯರೇ, ಬಿದ್ದವನನ್ನು ಹಂಗಿಸದಿರಿ. ಹಂಗಿಸಿದರೆ ಅವನು ಬಿರುಕನ್ನೂ ಬಚ್ಚಿಡುವನು. “ಮೈಗೆ ನೋವಾಯಿತೇ, ಮಗು?” ಎಂದು ಮೊದಲು ಕೇಳಿರಿ. ಆಗ ಬಾಗಿದ ಲಿವರನ್ನು ಅವನೇ ತಂದು ತೋರಿಸುವನು.